ಖಾಲಿ ಗಾಡಿಯ ಭಾರ

ಹಂಸಭಾವಿ
12 ಮೇ 2025

ಅಪ್ಪನಿಗೆ,

ರಾಜಶ್ರೀ ಬರೆಯುತ್ತಿದ್ದೇನೆ. ಮೂರು ವರ್ಷ ಮಾತು ಬಿಟ್ಟವಳು ಈಗ ಯಾಕೆ ಕಾಗದ ಬರೆದಳು ಎಂದು ಹುಬ್ಬು ಹಾರಿಸಬೇಡ. ಗಂಟಲಿನ ಆಪರೇಷನ್ ಆದ ಮೇಲೆ ನಿನಗೆ ದನಿ ಇಲ್ಲ. ಫೋನ್ ಹಚ್ಚಿದರೆ ನಾನೊಬ್ಬಳೇ ಗೋಡೆಯ ಜೊತೆ ಮಾತಾಡಿದಂತಾಗುತ್ತದೆ. ಅದಕ್ಕೇ ಪೋಸ್ಟು. ಅದೂ ನಿನ್ನ ಅಳಿಯನ ಒತ್ತಾಯಕ್ಕೆ.

ನಮ್ಮ ಸಸಿ ನರ್ಸರಿ ಕೈ ಹಿಡಿದಿದೆ. ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿಗಳು ಹಿರೇಕೆರೂರು, ಹಾನಗಲ್ಲ ದಾಟಿ ಈಗ ನಿಮ್ಮ ಶಿಗ್ಗಾಂವಿ ತಾಲ್ಲೂಕಿಗೂ ಹೋಗುತ್ತಿವೆ. ಬಾಡಿಗೆ ಗಾಡಿಯವರು ಹೇಳಿದ ದಿನ ಬರುವುದಿಲ್ಲ, ಬಂದ ದಿನ ಸಸಿ ಬಾಡಿರುತ್ತದೆ. ಹಾಗಾಗಿ ಹೊಸ ಪಿಕಪ್ ಕೊಳ್ಳುತ್ತಿದ್ದೇವೆ. ಒಂದೇ ಗಾಡಿ, ಎಂಜಿನ್ ಮಾತ್ರ ಎರಡು ನಮೂನೆ. ಸಣ್ಣದು ಹದಿನೈದು ನೂರು ಸಿಸಿ, ದೊಡ್ಡದು ಎರಡೂವರೆ ಸಾವಿರ. ಇವರು ತಕ್ಕಡಿಯ ಕಪ್ಪೆಯ ಹಾಗೆ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಜಿಗಿಯುತ್ತಿದ್ದಾರೆ. "ಮಾವಾರು ಜೀವಮಾನ ಪೂರಾ ಪಿಕಪ್ಪ ಹೊಡದಾರ. ಅವರನ್ನ ಒಂದ ಮಾತ ಕೇಳಿದ್ರ ನಿಂದೇನ ಗಂಟ ಹೋಗತೈತಿ?" ಎಂದು ನನ್ನ ಬೆನ್ನು ಹತ್ತಿದ್ದಾರೆ.

ನನ್ನ ಮನಸ್ಸು ದೊಡ್ಡದರ ಮೇಲಿದೆ. ಯಾಕೆಂದು ನಿನಗೆ ಗೊತ್ತು. ಅವ್ವನಿಗೆ ಎದೆನೋವು ಬಂದ ದಿನ ನಿನ್ನ ಸಣ್ಣ ಎಂಜಿನ್ನಿನ ಗಾಡಿ ಕೋಣನಕಲ್ಲ ಏರಿನಲ್ಲಿ ಏದುಸಿರು ಬಿಟ್ಟಿತು. ನಾನು ಅವಳ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಮುಂದೆ ಕೂತಿದ್ದೆ. ನೀನು ಗಾಡಿ ನಿಲ್ಲಿಸಿ ಇಳಿದು ಹಿಂದೆ ಹೋದೆ. ಹಿಂದಿನ ಬಾಗಿಲು ತೆಗೆದ ಸದ್ದು ಕೇಳಿತು, ಹಾಕಿದ ಸದ್ದು ಕೇಳಿತು. ಖಾಲಿ ಗಾಡಿ, ಅಲ್ಲಿ ಏನಿತ್ತು ನಿನಗೆ ಕೆಲಸ? ಹಾನಗಲ್ಲಿನ ಆಸ್ಪತ್ರೆ ಮುಟ್ಟಿದಾಗ ಹೊತ್ತು ಮೀರಿದೆ ಎಂದರು. ಆ ನಿಂತ ಹೊತ್ತು ನನ್ನ ಅವ್ವನದಾಗಿತ್ತು.

ನನ್ನ ಗಾಡಿ ಯಾವ ಏರಿನಲ್ಲೂ ನಿಲ್ಲಬಾರದು. ಈಗ ನಿನ್ನ ಅಭಿಪ್ರಾಯ ಬರೆ. ಕೇಳಿದೆ ಎಂಬ ಶಾಸ್ತ್ರ ಮುಗಿಯಲಿ.

ನಿನ್ನ ಮಗಳು
ರಾಜಶ್ರೀ


ದುಂಡಸಿ
20 ಮೇ 2025

ಮಗಳು ರಾಜಶ್ರೀಗೆ ಮಾರೆಪ್ಪನ ಆಶೀರ್ವಾದ.

ಪೋಸ್ಟಿನವನು ಕಾಗದ ಕೊಟ್ಟಾಗ ಯಾರೋ ಸತ್ತ ಸುದ್ದಿ ಇರಬೇಕು ಎಂದುಕೊಂಡೆ. ಬೈಗುಳ ಎಂದು ಗೊತ್ತಾಗಿ ಸಮಾಧಾನವಾಯಿತು.

ಸಣ್ಣ ಎಂಜಿನ್ ತೆಗೆದುಕೋ. ಸಸಿ ಹೊರುವುದಕ್ಕೆ ಅದು ಬೇಕಾದಷ್ಟಾಯಿತು. ಡೀಸೆಲ್ ಕಡಿಮೆ ಕುಡಿಯುತ್ತದೆ, ಹೊಲದ ದಾರಿಯಲ್ಲಿ ಹೇಳಿದ ಮಾತು ಕೇಳುತ್ತದೆ. ಇದನ್ನೆಲ್ಲ ಮಾರುವವರೂ ಹೇಳಿಯಾರು. ಅವರು ಹೇಳದಿರುವುದು ಒಂದಿದೆ. ಸಣ್ಣ ಎಂಜಿನ್ ಮಾತಾಡುತ್ತದೆ. ಹಿಂದೆ ಒಂದು ಚೀಲ ಹೆಚ್ಚಾದರೂ ನರಳಿ ಹೇಳುತ್ತದೆ. ದೊಡ್ಡದು ಮೂಕ. ಅದರ ಬೆನ್ನ ಮೇಲೆ ಏನು ಕೂತರೂ ಮುಂದೆ ಕೂತವನಿಗೆ ಗೊತ್ತಾಗುವುದಿಲ್ಲ. ತಾನು ಏನು ಹೊತ್ತುಕೊಂಡು ಹೋಗುತ್ತಿದ್ದೇನೆ ಎಂಬುದು ಗಾಡಿ ಹೊಡೆಯುವವನಿಗೆ ಗೊತ್ತಿರಬೇಕು.

ಆ ದಿನದ ಬಗ್ಗೆ ಕೇಳಿದ್ದೀ. ಉತ್ತರ ಬರೆದೆ, ಓದಿದೆ, ಒಲೆಗೆ ಹಾಕಿದೆ. ನಿನಗೆ ನನ್ನ ಮೇಲೆ ಸಿಟ್ಟಿರುವುದೇ ವಾಸಿ. ಸಿಟ್ಟಿನಲ್ಲಿ ಮನುಷ್ಯ ಊಟ ಮಾಡುತ್ತಾನೆ, ನಿದ್ದೆಯನ್ನೂ ಮಾಡುತ್ತಾನೆ.

ಅಳಿಯ ಹುಲಗೇಶನನ್ನು ಕೇಳಿದೆ ಎಂದು ಹೇಳು.

ನಿನ್ನ ಅಪ್ಪ
ಮಾರೆಪ್ಪ


ಹಂಸಭಾವಿ
14 ಜೂನ್ 2025

ಅಪ್ಪನಿಗೆ,

ದೊಡ್ಡದನ್ನೇ ತಂದೆವು. ಕಾರ ಹುಣ್ಣಿಮೆಗೆ ಗಾಡಿ ಮನೆಗೆ ಬಂತು. ಹೊಡೆಯುವವಳು ನಾನೇ. ಹೆಣ್ಣುಮಗಳು ಪಿಕಪ್ ಹೊಡೆಯುತ್ತಾಳೆ ಎಂದು ಬಸ್‌ಸ್ಟ್ಯಾಂಡಿನ ಮಂದಿ ಬಾಯಿ ತೆರೆದು ನೋಡುತ್ತಾರೆ. ನೋಡಲಿ, ನೋಡಿದರೆ ಬಣ್ಣವೇನೂ ಹೋಗುವುದಿಲ್ಲ. ಗಾಡಿ ಕಲಿಸಿದವನು ನೀನು, ಆ ಉಪಕಾರ ಮರೆತಿಲ್ಲ. ನಮ್ಮಲ್ಲಿ ಟ್ರೇಗಳಿಗೆ ಬೀಜ ಹಾಕುವ ಹುಚ್ಚವ್ವ "ಯವ್ವಾ, ಇದು ಗಾಡಿ ಅಲ್ಲ, ಆನಿ ಐತಿ" ಎಂದು ಮುಂದಿನ ಗಾಜಿಗೆ ಕೈ ಮುಗಿದಳು.

ಮೊನ್ನೆ ದುಂಡಸಿಗೂ ಬಂದಿದ್ದೆ. ಉಳಿವೆಪ್ಪನ ಹೊಲಕ್ಕೆ ಮೆಣಸಿನ ಸಸಿ ಇಳಿಸಿದೆ. ನೀನು ನಿನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಮಕ್ಕಳ ನಡುವೆ ಕೂತಿದ್ದೆ. ನಾನು ಕಂಡೆ, ಗಾಡಿ ನಿಲ್ಲಿಸಲಿಲ್ಲ. ನಿನ್ನ ಹಳೇ ಗಾಡಿ ಬೇವಿನ ಮರದ ಕೆಳಗೆ ಇನ್ನೂ ನಿಂತೇ ಇದೆಯಲ್ಲ! ಹೊಡೆಯುವುದು ಬಿಟ್ಟು ಮೂರು ವರ್ಷವಾಯಿತು, ಗುಜರಿಗಾದರೂ ಹಾಕಬಾರದೇ?

ವಾಪಸು ಬರುವಾಗ ಕೋಣನಕಲ್ಲ ಏರು. ನನ್ನ ಎದೆ ಡವಡವ ಎಂದಿತು, ಸುಳ್ಳು ಯಾಕೆ ಹೇಳಲಿ. ಗಾಡಿಗೆ ಮಾತ್ರ ಕೋಣನ ಮೇಲೆ ಮಳೆ ಸುರಿದಂತೆ. ಅದೇ ಗೇರು, ಅದೇ ಸದ್ದು. ಏರಿನ ನೆತ್ತಿ ಮುಟ್ಟಿದಾಗ ಜೋರಾಗಿ ಅತ್ತುಬಿಟ್ಟೆ. ಅಂದು ಇಂಥ ಗಾಡಿ ಇದ್ದಿದ್ದರೆ ಅವ್ವ ಇಂದು ಹುಚ್ಚವ್ವನ ಜೊತೆ ಕೂತು ಅವಳಿಗೆ ಕೆಲಸ ಕಲಿಸುತ್ತಿದ್ದಳು.

ರಾಜಶ್ರೀ


ದುಂಡಸಿ
22 ಜೂನ್ 2025

ಮಗಳಿಗೆ ಆಶೀರ್ವಾದ.

ಕಟ್ಟೆಯ ಮೇಲಿದ್ದ ನನ್ನನ್ನು ನೀನು ಕಂಡದ್ದು ನನಗೂ ಕಂಡಿತು. ಅದಾದ ಮೇಲೂ ನಿನ್ನ ಗಾಡಿ ಊರಿಗೆ ಬಂದು ಹೋಯಿತು. ಬರುವಾಗಲೂ ಹೋಗುವಾಗಲೂ ಅದಕ್ಕೆ ಒಂದೇ ಸದ್ದು. ಅದೇ ನನಗೆ ಸರಿ ಕಾಣುವುದಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಸಸಿ ಇಳಿಸಿ ಖಾಲಿ ಗಾಡಿಯಲ್ಲಿ ಏರು ಹತ್ತಿ ಹೋಗುತ್ತೀಯಲ್ಲ, ಆಮೇಲೆ ಹಿಂದಿನ ಬಾಗಿಲನ್ನು ಮೊದಲು ತೆಗೆಯುವುದು ಎಲ್ಲಿ? ಮರುದಿನ ನಿಮ್ಮ ಅಂಗಳದಲ್ಲಿ ಟ್ರೇ ತುಂಬುವಾಗಲೇ? ಹಾಗಿದ್ದರೆ ಇನ್ನು ಮುಂದೆ ಹಾಗೆ ಮಾಡಬೇಡ. ಹಾನಗಲ್ಲಿನ ಹೊರಗೆ ಹುಣಸೆಮರದ ಕ್ರಾಸ್ ಇದೆ. ಅಲ್ಲಿ ಗಾಡಿಯನ್ನು ಪಕ್ಕಕ್ಕೆ ಹಾಕಿ ಬಾಗಿಲು ತೆಗೆ. "ಕ್ರಾಸ್ ಬಂತ್ರಿ, ಇಳೀರಿ" ಎನ್ನು. ಸ್ವಲ್ಪ ತಡೆದು ಬಾಗಿಲು ಹಾಕಿಕೊಂಡು ಹೋಗು. ನಿಂತು ನೋಡಿದರೂ ಅಡ್ಡಿಯಿಲ್ಲ, ಏನೂ ಕಾಣುವುದಿಲ್ಲ.

ಹಳೇ ಗಾಡಿಯನ್ನು ಗುಜರಿಗೆ ಹಾಕಲಾರೆ. ಅದರ ಕಾರಣ ಕೇಳಬೇಡ.

ಅಪ್ಪ
ಮಾರೆಪ್ಪ


ಹಂಸಭಾವಿ
19 ಜುಲೈ 2025

ಅಪ್ಪನಿಗೆ,

ನಿನ್ನ ಕಾಗದ ಓದಿ ನಕ್ಕೆ. ಖಾಲಿ ಗಾಡಿಗೆ ಇಳೀರಿ ಎನ್ನಬೇಕಂತೆ! ಹುಣಸೆಮರದ ಕೆಳಗೆ ಚಾ ಮಾರುವವನು ನನ್ನನ್ನು ಧಾರವಾಡದ ಹುಚ್ಚಾಸ್ಪತ್ರೆಗೆ ಕಳಿಸಿಯಾನು ಎಂದು ನಿನ್ನ ಮಾತನ್ನು ಅಲ್ಲೇ ಬಿಟ್ಟೆ. ಈಗ ನಗು ಬರುತ್ತಿಲ್ಲ. ಯಾರಿಗಾದರೂ ಹೇಳಬೇಕು, ಹೇಳಲು ನೀನು ಬಿಟ್ಟರೆ ಯಾರೂ ಇಲ್ಲ.

ಮೊದಲು ಡೀಸೆಲ್. ಸಸಿ ತುಂಬಿಕೊಂಡು ದುಂಡಸಿಗೆ ಬರುವಾಗ ಕುಡಿಯುವುದಕ್ಕಿಂತ ಖಾಲಿ ವಾಪಸಾಗುವಾಗ ಹೆಚ್ಚು ಕುಡಿಯುತ್ತದೆ. ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಹಿಂದಿನ ಟೈರು ನೋಡಿ "ಅಕ್ಕಾರ, ಇಷ್ಟ ಓವರ್‌ಲೋಡ್ ಹಾಕಬ್ಯಾಡ್ರಿ" ಎಂದ. ಟೊಮೆಟೊ ಸಸಿ ಓವರ್‌ಲೋಡೇ?

ಆಮೇಲೆ ಅಂಗಳ. ನೆರಳಿನ ಬಲೆಯ ಕೆಳಗೆ ಹೆಣ್ಣಾಳುಗಳು ಸಾಲಾಗಿ ಕೂತು ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬುತ್ತಾರೆ. ಜಾಗ ಧಾರಾಳವಾಗಿದೆ. ಒಂದು ಮಧ್ಯಾಹ್ನ ಹುಚ್ಚವ್ವ ತಲೆ ಎತ್ತದೆ ಪಕ್ಕಕ್ಕೆ "ಸ್ವಲ್ಪ ಸರೀರಿ, ಕೈ ಆಡ್ಲಿ" ಎಂದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾರಿಗಂದಿ ಎಂದು ಕೇಳಿದೆ. "ನಾನ? ನಾ ಏನಂದ್ನಿ?" ಎಂದು ಅವಳೇ ಗಾಬರಿಯಾದಳು. ಈಗ ಎಲ್ಲರೂ ಒಂದು ಮೂಲೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಾರೆ. ಅತ್ತ ಇಷ್ಟು ಜಾಗ ಇದೆಯಲ್ಲ ಎಂದರೆ "ಎಲ್ಲೈತ್ರಿ ಜಾಗಾ?" ಎನ್ನುತ್ತಾರೆ. ತಮಾಷೆಗೆ ಹೇಳುತ್ತಿಲ್ಲ ಅಪ್ಪ, ನಿಜವಾಗಿಯೂ ಜಾಗ ಇಲ್ಲ ಎಂಬ ಹಾಗೆ ಸುತ್ತ ನೋಡಿ ಹೇಳುತ್ತಾರೆ. ಕಾಂಪೌಂಡಿನ ಗುಂಟ ಇಟ್ಟ ಸಸಿಗಳೆಲ್ಲ ಒಂದೇ ಕಡೆ ಬಾಗಿವೆ, ಯಾರೋ ಅವಕ್ಕೆ ಬೆನ್ನು ಕೊಟ್ಟು ಕೂತ ಹಾಗೆ.

ಮೊನ್ನೆ ನಾನೇ ಚಾ ಸೋಸಿ ತಟ್ಟೆಯಲ್ಲಿ ಕಪ್ಪು ಜೋಡಿಸಿಕೊಂಡು ಹೊರಟಿದ್ದೆ. ನಿನ್ನ ಅಳಿಯ ಬಾಗಿಲಲ್ಲಿ ತಡೆದು "ಇಷ್ಟ್ಯಾಕ? ಯಾರ ಬಂದಾರ?" ಎಂದರು. ನೋಡಿದರೆ ಎರಡು ತಟ್ಟೆ ತುಂಬ ಕಪ್ಪು. ದಿನಾ ಹಾಗೇ ಒಯ್ಯುತ್ತೀ ಎಂದರು. ನನಗೆ ಗೊತ್ತೇ ಇರಲಿಲ್ಲ.

ನನ್ನ ಗಾಡಿಯಲ್ಲಿ ಏನು ಬರುತ್ತಿದೆ? ಹೆದರಿಕೆಯಾಗಿದೆ, ಬೇಗ ಬರೆ.

ರಾಜಶ್ರೀ


ದುಂಡಸಿ
27 ಜುಲೈ 2025

ಮಗಳೇ, ಹೆದರಬೇಡ.

ನಾನು ಗಾಡಿ ಹಿಡಿದ ಹೊಸತರಲ್ಲಿ ಸವಣೂರಿನ ಹಸನಸಾಬ ಹೇಳಿಕೊಟ್ಟ ಮಾತು ಇದು. ಅವನು ವೀಳ್ಯದೆಲೆ ಹೇರಿಕೊಂಡು ಇದೇ ದಾರಿಯಲ್ಲಿ ಓಡಾಡುತ್ತಿದ್ದ. ಕೋಣನಕಲ್ಲ ಏರಿನಲ್ಲಿ ಗಾಡಿ ನಿಧಾನವಾಗುತ್ತದೆ, ಆಗ ಹತ್ತುವವರು ಹತ್ತುತ್ತಾರೆ. ಖಾಲಿ ಗಾಡಿ ಇದ್ದಕ್ಕಿದ್ದಂತೆ ತುಂಬಿದ ಗಾಡಿಯಂತೆ ನರಳುತ್ತದೆ. ಕ್ರಾಸಿನಲ್ಲಿ ಬಾಗಿಲು ತೆಗೆದರೆ ಇಳಿದು ಹೋಗುತ್ತಾರೆ, ಗಾಡಿ ಹಗುರಾಗುತ್ತದೆ. ಯಾರು, ಎಲ್ಲಿಗೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯಲ್ಲಿ ಕೈ ಮಾಡಿದವರನ್ನು ಹತ್ತಿಸಿಕೊಳ್ಳುವುದು ಡ್ರೈವರನ ಧರ್ಮ. ಬದುಕಿದ್ದವರು ತಮ್ಮ ಊರು ಬಂದಾಗ ಗಾಡಿಯ ಬಾಡಿ ಬಡಿದು ನಿಲ್ಲಿಸುತ್ತಾರೆ. ಇವರಿಗೆ ಬಡಿಯಲು ಆಗುವುದಿಲ್ಲ. ಎಂಜಿನ್ನೇ ಇವರ ಬಾಯಿ.

ನಿನ್ನ ಎಂಜಿನ್ ನಿನಗೆ ಹೇಳಲಿಲ್ಲ. ನೀನು ಕ್ರಾಸ್ ದಾಟಿಸಿ ಒಯ್ದೆ, ಅಂಗಳದಲ್ಲಿ ಬಾಗಿಲು ತೆಗೆದೆ, ಅವರು ಇಳಿದರು. ನಿನ್ನ ಊರು ಅವರಿಗೆ ಗುರುತಿಲ್ಲ. ಎಲ್ಲಿಗೆ ಹೋಗಬೇಕು ತಿಳಿಯದೆ ಅಲ್ಲೇ ಕೂತು ಗಾಡಿ ಕಾಯುತ್ತಿದ್ದಾರೆ. ಕೆಟ್ಟವರಲ್ಲ. ಚಾ ಕೊಟ್ಟದ್ದು ಒಳ್ಳೆಯದಾಯಿತು.

ನಿನ್ನ ಗಾಡಿಯಲ್ಲೇ ವಾಪಸು ಬಿಡು ಎನ್ನಬಹುದಿತ್ತು. ಆದರೆ ಎಲ್ಲರೂ ಹತ್ತಿದರೋ, ಒಬ್ಬರು ಉಳಿದರೋ ಅದರಲ್ಲಿ ಗೊತ್ತಾಗುವುದಿಲ್ಲ. ನನ್ನ ಗಾಡಿ ತರುತ್ತೇನೆ. ಹಸನಸಾಬ ಹೊಸ ಬ್ಯಾಟರಿ ಹಾಕಿ ಜೊತೆಗೆ ಬರುತ್ತಾನೆ. ನನಗೆ ದನಿಯಿಲ್ಲ, ಕರೆಯುವ ಕೆಲಸ ನಿನ್ನದು. ನಾಗರ ಪಂಚಮಿ ಮುಗಿಯಲಿ, ಬರುತ್ತೇನೆ.

ಅಪ್ಪ


ಹಂಸಭಾವಿ
18 ಆಗಸ್ಟ್ 2025

ಅಪ್ಪನಿಗೆ,

ನೀನು ಹೋದ ಮರುದಿನವೇ ಬರೆಯಬೇಕಿತ್ತು, ಕೈ ಏಳಲಿಲ್ಲ.

ಅಂಗಳ ಸರಿಹೋಗಿದೆ. ಹುಚ್ಚವ್ವ ಕಾಲು ಚಾಚಿಕೊಂಡು ಕೂರುತ್ತಾಳೆ, ಚಾ ಲೆಕ್ಕಕ್ಕೆ ಸರಿಯಾಗಿ ಹೋಗುತ್ತದೆ. ನಿನಗೆ ಒಂದು ಒಳ್ಳೆಯ ಮಾತನ್ನೂ ಆಡದೆ ಕಳಿಸಿದೆ ಎಂದು ಇವರು ಬೈದರು. ಮೂರು ವರ್ಷದ ಮೇಲೆ ನಿನ್ನನ್ನು ಎದುರಿಗೆ ಕಂಡೆ. ನೀನು ಎಷ್ಟು ಸಣ್ಣಗಾಗಿದ್ದೀ ಅಪ್ಪ! ಕುತ್ತಿಗೆಗೆ ಸುತ್ತಿದ ಟವೆಲ್ಲೇ ನಿನಗಿಂತ ದಪ್ಪ ಇತ್ತು.

ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ನೀನು ಗಾಡಿಯನ್ನು ಹಿಮ್ಮುಖವಾಗಿ ಅಂಗಳಕ್ಕೆ ತಂದು ನಿಲ್ಲಿಸಿದೆ. ಹಿಂದೆ ಬಂದು ಅಗಳಿಯ ಮೇಲೆ ಕೈ ಇಟ್ಟು ಸುಮ್ಮನೆ ನಿಂತುಬಿಟ್ಟೆ. ಹಸನಸಾಬ ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ "ಮೂರ ವರ್ಷ ಆತವ್ವಾ, ಈ ಡೋರ ಒಮ್ಮೆನೂ ತಗದಿಲ್ಲ ನಿಮ್ಮಪ್ಪ. ನನಗೂ ಮುಟ್ಟಗೊಡಲಿಲ್ಲ" ಎಂದರು. ನೀನು ಅಗಳಿ ಸರಿಸಿದೆ, ಬಾಗಿಲು ಕೆಳಕ್ಕೆ ತೆರೆದುಕೊಂಡಿತು. ಆ ಕ್ಷಣಕ್ಕೆ ಖಾಲಿ ಗಾಡಿಯ ಹಿಂಭಾಗ ಸ್ವಲ್ಪ ಮೇಲಕ್ಕೆ ಎದ್ದಿತು. ನಾನು ಕಣ್ಣಾರೆ ಕಂಡೆ. ನೀನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದೆ, ಯಾರಿಗೋ ದಾರಿ ಬಿಟ್ಟ ಹಾಗೆ.

ಅದಾದ ಮೇಲೆ ನಾನು "ಹತ್ರಿ, ಕ್ರಾಸಿಗೆ ಬಿಡ್ತಾರ, ಎಲ್ಲಾರೂ ಹತ್ರಿ" ಎಂದು ಕರೆದೆ. ಗಾಡಿ ಮೆಲ್ಲಗೆ ಕೆಳಗೆ ಕುಸಿಯಿತು, ಸ್ಪ್ರಿಂಗ್ ಪಟ್ಟಿಗಳು ಕಿರ್ ಎಂದವು. ನೀನು ಬಾಗಿಲು ಹಾಕಿ, ಅಳುತ್ತಾ ಸ್ಟೇರಿಂಗ್ ಹಿಡಿದೆ.

ನಾನು ಕರೆಯುವ ಮೊದಲೇ ಇಳಿದವರು ಯಾರು? ಈ ಸಲ ಒಲೆಗೆ ಹಾಕದೆ ಉತ್ತರ ಕಳಿಸು. ನನ್ನ ಸಿಟ್ಟು ಕಾಪಾಡುವ ಚಿಂತೆ ನಿನಗೆ ಬೇಡ.

ರಾಜಶ್ರೀ


ದುಂಡಸಿ
29 ಆಗಸ್ಟ್ 2025

ರಾಜವ್ವಾ,

ಕೇಳಿದ್ದೀ, ಬರೆಯುತ್ತೇನೆ.

ಅಂದು ಏರಿನ ಬುಡ ಮುಟ್ಟುವ ತನಕ ಗಾಡಿ ಚೆನ್ನಾಗಿಯೇ ಓಡಿತು. ನಡು ಏರಿನಲ್ಲಿ ನರಳಿತು. ಯಾರೋ ಹತ್ತಿದರು ಎಂದು ತಿಳಿಯಿತು. ಬೇರೆ ದಿನವಾಗಿದ್ದರೆ ಕ್ರಾಸಿನ ತನಕ ಒಯ್ಯುತ್ತಿದ್ದೆ. ಅಂದು ನಿಮ್ಮ ಅವ್ವ ಎದೆ ಹಿಡಿದುಕೊಂಡಿದ್ದಳು, ಭಾರ ಇಳಿಸಿದರೆ ಗಾಡಿ ಬೇಗ ಹೋಗುತ್ತದೆ ಎಂದು ನಿಲ್ಲಿಸಿದೆ. ಬಾಗಿಲು ತೆಗೆದು "ಇವತ್ತ ಅವಸರ ಐತ್ರಿ, ಬ್ಯಾರೆ ಗಾಡಿಗೆ ಬರ್ರಿ" ಎಂದು ಕೈ ಮುಗಿದೆ. ಯಾರೂ ಇಳಿಯಲಿಲ್ಲ. ಹಾಗೆ ಎಂದೂ ಆಗಿರಲಿಲ್ಲ. ಬಾಗಿಲು ಹಾಕಿ ಮುಂದೆ ಬಂದು ನೋಡಿದೆ. ಶಂಕ್ರವ್ವ ನಿನ್ನ ಹೆಗಲ ಮೇಲೆ ತಲೆ ಇಟ್ಟಿದ್ದಳು. ಕಣ್ಣು ಅರ್ಧ ತೆರೆದಿತ್ತು. ಮೂವತ್ತು ವರ್ಷ ನೋಡಿದ ಮುಖ, ನನಗೆ ಗೊತ್ತಾಯಿತು. ಹಿಂದೆ ಹತ್ತಿದವಳು ಅವಳೇ.

ನೀನು "ಅಪ್ಪಾ, ಲಗೂ ಹೊಡಿ" ಎಂದೆ. ಅವಳ ಕೆನ್ನೆ ಸವರಿ "ಅವ್ವಾ, ಹಾನಗಲ್ಲ ಬಂತ" ಎಂದೆ. ನಾನು ಹೇಳಲಿಲ್ಲ. ಹೇಗೆ ಹೇಳಲಿ? ಸತ್ತವಳನ್ನು ತಬ್ಬಿಕೊಂಡು ಕೂತಿದ್ದೀ ಎಂದು ಮಗಳಿಗೆ ಯಾವ ಅಪ್ಪ ಹೇಳುತ್ತಾನೆ? ಲಗೂ ಹೊಡೆದೆ. ಮುಂದಿನಿಂದ ಅವಳನ್ನು ಎತ್ತಿ ಒಳಗೆ ಒಯ್ದರು. ನಾನು ಹಿಂದಿನ ಬಾಗಿಲು ತೆಗೆಯಲಿಲ್ಲ. ಅಂದಿನಿಂದ ತೆಗೆಯಲೇ ಇಲ್ಲ. ಗಾಡಿ ಚಾಲೂ ಮಾಡಿ ಎರಡು ಮಾರು ಹಿಂದೆ ಮುಂದೆ ಮಾಡಿದರೆ ಸಾಕು, ಎಂಜಿನ್ ನರಳುತ್ತಿತ್ತು. ಇದ್ದಾಳೆ ಎಂದುಕೊಂಡು ಒಳಗೆ ಹೋಗಿ ಉಣ್ಣುತ್ತಿದ್ದೆ. ದನಿ ಹೋಗುವ ಮೊದಲು ದಿನದ ಸುದ್ದಿಯನ್ನೆಲ್ಲ ಅವಳಿಗೆ ಹೇಳುತ್ತಿದ್ದೆ.

ನಿನ್ನ ಅಂಗಳದವರನ್ನು ಹತ್ತಿಸಬೇಕಾದರೆ ಬಾಗಿಲು ತೆಗೆಯಲೇಬೇಕಿತ್ತು. ತೆಗೆದೆ. ಇಳಿದಳು. ನಿನ್ನ ಮನೆಯಲ್ಲೇ ಇಳಿದಳಲ್ಲ, ಅಷ್ಟರಮಟ್ಟಿಗೆ ನನಗೆ ಸಮಾಧಾನ. ಕ್ರಾಸಿನಿಂದ ದುಂಡಸಿಗೆ ಗಾಡಿ ಹಗುರಾಗಿ ಬಂತು. ಅಷ್ಟು ಹಗುರಾದ ಗಾಡಿಯನ್ನು ನಾನು ಜೀವಮಾನದಲ್ಲಿ ಹೊಡೆದಿರಲಿಲ್ಲ.

ದೊಡ್ಡ ಎಂಜಿನ್ ಇದ್ದಿದ್ದರೆ ಉಳಿಯುತ್ತಿದ್ದಳು ಎಂಬ ಮಾತನ್ನು ಇನ್ನು ಬಿಡು. ನಡು ಏರಿನಲ್ಲೇ ಎಲ್ಲ ಮುಗಿದಿತ್ತು. ದೊಡ್ಡದಾಗಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಿನ್ನ ಅಪ್ಪ
ಮಾರೆಪ್ಪ


ಹಂಸಭಾವಿ
6 ಸೆಪ್ಟೆಂಬರ್ 2025

ಅಪ್ಪಾ,

ನಿನ್ನ ಕಾಗದ ಬಂದ ದಿನದಿಂದ ಗಾಡಿ ತೆಗೆದಿಲ್ಲ. ಮೂರು ವರ್ಷ ನಿನ್ನನ್ನು ಬೈದದ್ದಕ್ಕೆ ನಾಚಿಕೆಯಾಗಿ ಅತ್ತೆ. ಸಿಟ್ಟು ಹೋಯಿತು, ನಂಬು. ನೀನು ಮಾಡಿದ್ದೆಲ್ಲ ನನ್ನನ್ನು ಕಾಯಲು ಮಾಡಿದ್ದು.

ಆದರೆ ನಿನಗೆ ಗೊತ್ತಿಲ್ಲದ ಮಾತೊಂದಿದೆ. ಹೊತ್ತು ಮೀರಿದೆ ಎಂದ ಮೇಲೆ ಹೇಳಿ ಏನು ಪ್ರಯೋಜನ ಎಂದು ಯಾರಿಗೂ ಹೇಳಿರಲಿಲ್ಲ.

ಅಂದು ಅವ್ವನ ಕೈ ನನ್ನ ಕೈಯಲ್ಲಿತ್ತು. ನೀನು ಬಾಗಿಲು ಹಾಕಿ ಬಂದು ಗಾಡಿ ಹೊರಡಿಸಿದ ಮೇಲೆ ಆ ಕೈ ನನ್ನ ಬೆರಳುಗಳನ್ನು ಹಿಚುಕಿತು. ಹಾನಗಲ್ಲ ಬಂತು ಎಂದಾಗಲೆಲ್ಲ ಹಿಚುಕಿತು. ಅದಕ್ಕೇ ನಾನು ಮತ್ತೆ ಮತ್ತೆ ಹೇಳುತ್ತಿದ್ದೆ. ನೋವಾಗುವಷ್ಟು ಗಟ್ಟಿ ಹಿಡಿತ ಅದು. ಹುಣಸೆಮರದ ಕ್ರಾಸ್ ದಾಟುವಾಗ ಬಿಟ್ಟಿತು.

ಎರಡರಲ್ಲಿ ಒಂದು ನಿಜವಿರಬೇಕು. ಅವ್ವ ಕ್ರಾಸಿನ ತನಕ ಬದುಕಿದ್ದರೆ ಏರಿನಲ್ಲಿ ಹತ್ತಿದವರು ಬೇರೆ ಯಾರೋ. ಮೂರು ವರ್ಷ ನೀನು ಸುದ್ದಿ ಹೇಳಿದ್ದು ಅವಳಿಗಲ್ಲ, ನನ್ನ ಅಂಗಳದಲ್ಲಿ ಇಳಿದದ್ದೂ ಅವಳಲ್ಲ. ದೊಡ್ಡ ಎಂಜಿನ್ ಇದ್ದಿದ್ದರೆ ಅವಳು ಉಳಿಯುತ್ತಿದ್ದಳು. ಇಲ್ಲ, ನೀನು ಬರೆದದ್ದೇ ನಿಜ, ಅವ್ವ ಹಿಂದೆ ಹೋಗಿ ಕೂತಿದ್ದಳು ಎನ್ನುವುದಾದರೆ, ಅಷ್ಟು ದೂರ ನನ್ನ ಕೈ ಹಿಡಿದುಕೊಂಡು ಕೂತವರು ಯಾರು?

ಯಾವುದನ್ನು ನಂಬಲಿ ಅಪ್ಪಾ? ಕಾಗದ ಬರೆಯಬೇಡ. ಬಸ್ಸು ಹತ್ತಿ ಬಂದುಬಿಡು.

ರಾಜಶ್ರೀ